ಕಾಲುವೆ ಬೀದಿಯ ಬಾಣಲೆ ಗಸ್ತು

ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ವಾರೆನ್ ಪ್ರಿಚೆಟ್ ಅವರ ಹಿತ್ತಲಿನಿಂದ ಒಂದೇ ಬೆಳಿಗ್ಗೆ ಎರಡು ಹೇಂಟೆಗಳು ಕಾಣೆಯಾದವು. ಬೇಲಿಯ ಬುಡದಲ್ಲಿ ಒಂದು ಹಿಡಿ ಕಂದು ಪುಕ್ಕ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಅದಕ್ಕೆ ಮೂರು ದಿನ ಮೊದಲು ನಮ್ಮ ಮನೆಯದೂ ಒಂದು ಹೋಗಿತ್ತು. ನಮ್ಮದು ಹೋದಾಗ ನನ್ನ ಹೆಂಡತಿ ಕೊರೀನಾ ಒಂದಿಷ್ಟು ಬೈದು ಸುಮ್ಮನಾಗಿದ್ದಳು. ಪ್ರಿಚೆಟ್ ಅವರದು ಹೋದಾಗ ಸಭೆ ಕರೆಯಲಾಯಿತು.

ನಮ್ಮ ಬೀದಿಯಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಮನೆ. ಮುಂದೆ ರಸ್ತೆ, ಹಿಂದೆ ಹಿತ್ತಲು, ಹಿತ್ತಲಾಚೆ ನದಿಯ ನೀರನ್ನು ಹೊಲಗಳಿಗೆ ಒಯ್ಯುವ ಹಳೆಯ ಕಾಲುವೆ. ಆ ಕಾಲುವೆಯ ಏರಿ ನ್ಯೂ ಮೆಕ್ಸಿಕೋದ ಈ ಕಡೆಯ ಕಯೋಟಿಗಳಿಗೆ ಹೆದ್ದಾರಿ ಇದ್ದ ಹಾಗೆ. ತೋಳಕ್ಕಿಂತ ಚಿಕ್ಕ, ನರಿಗಿಂತ ದೊಡ್ಡ ಪ್ರಾಣಿ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು, ಬೆಳಗಿನ ಹೊತ್ತು ಅವುಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಸ್ಸು ಬಂದರೆ ರಸ್ತೆಯಂಚಿಗೆ ಸರಿದು ನಿಲ್ಲುತ್ತವೆ, ಬಸ್ಸು ಹೋದ ಮೇಲೆ ಎರಡೂ ಕಡೆ ನೋಡಿ ದಾಟುತ್ತವೆ. ಮಕ್ಕಳಿಗೆ ಅಷ್ಟು ಕಲಿಸುವುದು ನನ್ನಿಂದ ಆಗಲಿಲ್ಲ.

ಪ್ರಿಚೆಟ್ ಓಹಾಯೋದಿಂದ ಬಂದವರು. ದೊಡ್ಡ ದೊಡ್ಡ ಆಫೀಸುಗಳ ನೌಕರರಿಗೆ ಒಟ್ಟಾಗಿ ಕೆಲಸ ಮಾಡುವುದು ಹೇಗೆಂದು ಮೂವತ್ತು ವರ್ಷ ತರಬೇತಿ ಕೊಟ್ಟು ನಿವೃತ್ತರಾಗಿದ್ದರು. ಒಳ್ಳೆಯ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಎಂಟು ಕೋಳಿ ಸಾಕಿಕೊಂಡು ಎಂಟಕ್ಕೂ ತಮ್ಮ ಕಡೆಯ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಹೆಸರಿಟ್ಟಿದ್ದರು. ನಡುಮನೆಯಲ್ಲಿ ಬೇರೆಯವರು ಟಿವಿ ಇಡುವ ಜಾಗದಲ್ಲಿ ಅವರು ಬರೆಯುವ ಬಿಳಿ ಹಲಗೆ ಇಟ್ಟಿದ್ದರು.

ಸಭೆಗೆ ಬೀದಿಯವರೆಲ್ಲ ಹೋದೆವು. ಪ್ರಿಚೆಟ್ ಹಲಗೆಯ ಮೇಲೆ 'ಭಯ' ಎಂದು ಬರೆದು ಅದರ ಸುತ್ತ ವೃತ್ತ ಎಳೆದರು.

"ಕಯೋಟಿಗೆ ಮನುಷ್ಯರ ಭಯ ಹೋಗಿದೆ. ಅದನ್ನ ನಾವು ವಾಪಸ್ ತರಬೇಕು. ಅದಕ್ಕೆ ಒಬ್ಬೊಬ್ಬರೇ ಅಲ್ಲ, ಇಡೀ ಬೀದಿ ಎದ್ದು ನಿಲ್ಲಬೇಕು. ದಿನಾ ಬೆಳಿಗ್ಗೆ ಆರಕ್ಕೆ ಎಲ್ಲರೂ ರಸ್ತೆಗೆ ಬರೋಣ. ಕೈಗೆ ಸಿಕ್ಕ ಪಾತ್ರೆ ಬಡೀತಾ ಸೇತುವೆವರೆಗೆ ಹೋಗಿ ಬರೋಣ. ಬರೀ ನಲವತ್ತು ನಿಮಿಷ."

ಬೀದಿಯ ಕೊನೆಯ ಮನೆಯ ದೋನ್ಯಾ ಯುಫೇಮಿಯಾ ಕುರ್ಚಿಯಲ್ಲಿ ಸೋಂಪಿನ ಬಿಸ್ಕತ್ತು ತಿನ್ನುತ್ತಿದ್ದರು. ಎಂಬತ್ತೊಂದು ವರ್ಷ, ಹುಟ್ಟಿದ್ದೂ ಅದೇ ಮನೆಯಲ್ಲಿ. ಊರಿನಲ್ಲಿ ಗೌರವದಿಂದ ದೋನ್ಯಾ ಎಂದು ಕರೆಸಿಕೊಳ್ಳುವ ವಯಸ್ಸಿನ ಹೆಂಗಸರು ಈಗ ಅವರೊಬ್ಬರೇ.

"ಬಾಗಿಲು ಹಾಕಿ" ಎಂದರು.

ಪ್ರಿಚೆಟ್ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದರು.

"ಈ ಬಾಗಿಲಲ್ಲಪ್ಪ, ಕೋಳಿಗೂಡಿಂದು. ಬೆಳಕು ಹರಿಯೋ ಹೊತ್ತಲ್ಲಿ ಅದು ಬೇಟೆಗೆ ಬರೋದು. ಎಂಟು ಗಂಟೆವರೆಗೆ ಕೋಳಿ ಬಿಡಬೇಡಿ. ಬಿಟ್ಟ ಮೇಲೆ ಅಲ್ಲೇ ಇರಿ."

"ತುಂಬಾ ಒಳ್ಳೆ ಸಲಹೆ. ಬರ್ನಡೆಟ್, ಬರ್ಕೊಳ್ಳಿ."

ಬರ್ನಡೆಟ್ ಕೋರ್ಟಿನಲ್ಲಿ ಗುಮಾಸ್ತಳಾಗಿದ್ದವಳು. ಮಾತನಾಡಿದವರ ಹೆಸರಿನ ಜೊತೆ ಹೊತ್ತನ್ನೂ ಬರೆಯುತ್ತಾಳೆ. ಸಲಹೆ ಹದಿನಾಲ್ಕು ಎಂದು ಬರೆದುಕೊಂಡಳು. ಒಂದರಿಂದ ಹದಿಮೂರರವರೆಗಿನವು ಪ್ರಿಚೆಟ್ ಅವರವು. ಆ ಪುಟವನ್ನು ಆಮೇಲೆ ಯಾರೂ ತೆರೆಯಲಿಲ್ಲ.

ಮಾರನೆಯ ಸೋಮವಾರ ಗಸ್ತು ಶುರುವಾಯಿತು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡ ಹದಿನೈದು ಜನ. ಬಾಣಲೆ, ತಪ್ಪಲೆ, ಮುಚ್ಚಳ, ಸೌಟು. ಕೊರೀನಾ ತನ್ನ ತಾಯಿಯ ಕಾಲದ ಕಬ್ಬಿಣದ ಬಾಣಲೆ ಕೊಡಲು ಒಪ್ಪದೆ ಹಿಡಿ ಮುರಿದ ಅಲ್ಯೂಮಿನಿಯಂ ಪಾತ್ರೆ ಕೊಟ್ಟಳು. ಮುಂದೆ ಪ್ರಿಚೆಟ್, ಕುತ್ತಿಗೆಗೆ ಸೀಟಿ. ಹಿಂದೆ ಹಾಜರಿ ಪುಸ್ತಕದೊಂದಿಗೆ ಬರ್ನಡೆಟ್. ಮೊದಲ ದಿನ ನಾಚಿಕೆಯಾಯಿತು, ಎರಡನೆಯ ದಿನ ಸ್ವಲ್ಪ ಕಡಿಮೆಯಾಯಿತು, ಮೂರನೆಯ ದಿನ ನಾನೇ ತಾಳ ಹಾಕುತ್ತಿದ್ದೆ. ನಾವು ದನಿಯೆತ್ತಿ ನಡೆಯುವಾಗ ರಸ್ತೆಯ ಮೇಲೆ ಒಂದೇ ಒಂದು ಕಯೋಟಿಯೂ ಕಾಣಲಿಲ್ಲ.

ಒಂದು ವಾರ ಒಂದು ಕೋಳಿಯೂ ಹೋಗಲಿಲ್ಲ. ವಾರಪತ್ರಿಕೆಯವರು ಬಂದು ಫೋಟೋ ತೆಗೆದರು. ಫೋಟೋದಲ್ಲಿ ನಾನು ಎಡದಿಂದ ನಾಲ್ಕನೆಯವನು.

ಎರಡನೆಯ ವಾರದಲ್ಲಿ ಮೂರು ಹೋದವು. ಮೂರನೆಯ ವಾರದಲ್ಲಿ ಐದು.

ಪ್ರಿಚೆಟ್ ಮತ್ತೆ ಸಭೆ ಕರೆದರು. ಸದ್ದು ಸಾಲುತ್ತಿಲ್ಲ ಎಂದು ತೀರ್ಮಾನವಾಯಿತು. ಶಾಲೆಯ ಬ್ಯಾಂಡಿನವರು ಬೇಡವೆಂದು ಬಿಟ್ಟ ಡೋಲೊಂದನ್ನು ತಂದು ಪ್ರಿಚೆಟ್ ಹೊಟ್ಟೆಗೆ ಕಟ್ಟಿಕೊಂಡರು. ಇನ್ನಿಬ್ಬರಿಗೆ ತುತ್ತೂರಿ ಬಂತು. ಸೇತುವೆಯ ಬಳಿ ಐದು ನಿಮಿಷ ನಿಂತು ಎಲ್ಲರೂ ಒಟ್ಟಿಗೆ ಕೂಗುವುದೆಂದಾಯಿತು. ಆ ವಾರ ಆರು ಹೋದವು.

"ರಸ್ತೆ ಮೇಲೆ ಒಂದಾದರೂ ಕಾಣಿಸ್ತಾ?" ಎಂದು ಪ್ರಿಚೆಟ್ ಕೇಳಿದರು. ಇಲ್ಲವೆಂದೆವು. "ಅಂದ್ರೆ ಭಯ ಹುಟ್ಟಿದೆ. ಫಲ ಬರೋದು ಸ್ವಲ್ಪ ನಿಧಾನ ಆಗ್ತಿದೆ ಅಷ್ಟೆ."

ಆಗ ಬರ್ನಡೆಟ್ ತನ್ನ ಪುಸ್ತಕ ನೋಡಿ, ಕೋಳಿ ಸಾಕುವ ಆರು ಮನೆಗಳಲ್ಲಿ ಐದರಿಂದ ಕೋಳಿ ಹೋಗಿವೆ, ದೋನ್ಯಾ ಯುಫೇಮಿಯಾ ಅವರ ಏಳೂ ಹಾಗೇ ಇವೆ ಎಂದಳು. ಒಂದು ದಿನವೂ ಗಸ್ತಿಗೆ ಬಾರದಿದ್ದವರೂ ಅವರೊಬ್ಬರೇ. ಎಲ್ಲರೂ ಒಂದೇ ವಿಷಯ ಯೋಚಿಸುತ್ತಿದ್ದರು ಎನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಮರುದಿನ ಮಧ್ಯಾಹ್ನ ಪ್ರಿಚೆಟ್, ಬರ್ನಡೆಟ್ ಮತ್ತು ನಾನು ದೋನ್ಯಾರನ್ನು ವಿಚಾರಿಸಲು ಹೋದೆವು. ನನ್ನನ್ನು ಕರೆದದ್ದು ನಾನು ಅವರಿಗೆ ದೂರದ ನೆಂಟನೆಂದು. ದೋನ್ಯಾ ಮೊಗಸಾಲೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ" ಎಂದರು ಪ್ರಿಚೆಟ್. "ನಿಮ್ಮ ಕೋಳಿ ಯಾಕೆ ಹೋಗಿಲ್ಲ ಅಂತ ಗಸ್ತು ಸಮಿತಿ ತಿಳ್ಕೋಬೇಕಾಗಿದೆ."

"ಹೋಗಬೇಕಿತ್ತಾ?"

"ಹಾಗಲ್ಲ. ನೀವೇನಾದ್ರೂ ಕಯೋಟಿಗೆ ಊಟ ಹಾಕ್ತಿದ್ದೀರಾ?"

ದೋನ್ಯಾ ನನ್ನ ಕಡೆ ತಿರುಗಿದರು. "ಆಬೆಲ್, ಇವರು ನನ್ನ ಏನು ಕೇಳ್ತಿದಾರೆ?"

ನಾನು ಹುರುಳಿಕಾಯಿ ನೋಡಿದೆ.

"ಊಟ ಹಾಕ್ತಿರೋದು ನೀವು" ಎಂದರು ದೋನ್ಯಾ. "ದಿನಾ ಆರು ಗಂಟೆಗೆ ಗಂಟೆ ಹೊಡೆದು ಕರೀತೀರಿ. ನಿಮ್ಮ ಬ್ಯಾಂಡು ಶುರುವಾಗೋ ಹೊತ್ತಿಗೆ ಅದು ಏರಿ ಮೇಲೆ ಬಂದು ಕೂತಿರ್ತದೆ. ಸದ್ದು ದೂರ ಹೋಗೋವರೆಗೆ ಕಾಯ್ತದೆ. ಅದಕ್ಕೆ ಗೊತ್ತು, ಮನುಷ್ಯರೆಲ್ಲ ಎಲ್ಲಿದಾರೆ ಅಂತ. ಕೋಳಿ ಬಿಟ್ಟು ಹೊರಡ್ತೀರಲ್ಲ."

ಅದು ನಿಜ. ಎದ್ದ ಕೂಡಲೆ ಗೂಡಿನ ಬಾಗಿಲು ತೆಗೆಯುವುದು ನಮಗೆಲ್ಲ ಹಲ್ಲುಜ್ಜುವಷ್ಟೇ ಅಭ್ಯಾಸ. ಆಮೇಲೆ ಜಾಕೆಟ್ ಹಾಕಿಕೊಂಡು ರಸ್ತೆಗೆ ಹೋಗುತ್ತಿದ್ದೆವು.

ಪ್ರಿಚೆಟ್ ಮುಖ ಕೆಂಪಾಯಿತು. "ಹದಿನೈದು ಜನ ಎದೆಯೊಡ್ಡಿ ನಿಂತಿರುವಾಗ ಹಿಂಗೆಲ್ಲ ಮಾತಾಡಿದ್ರೆ ಅವರ ಉತ್ಸಾಹ ಏನಾಗಬೇಕು ಹೇಳಿ."

"ನಾಳೆ ಬಂದು ಇಲ್ಲಿ ಕೂತು ನೋಡು."

"ನಾಳೆ ಆರಕ್ಕೆ ಗಸ್ತು ಇದೆ."

"ಅದಕ್ಕೇ ಹೇಳಿದ್ದು."

ಅಲ್ಲಿಗೆ ವಿಚಾರಣೆ ಮುಗಿಯಿತು. 'ಸಹಕರಿಸಲಿಲ್ಲ' ಎಂದು ಬರ್ನಡೆಟ್ ಬರೆದುಕೊಂಡಳು.

ನನಗೆ ಆ ಮಾತು ತಲೆಯಿಂದ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಮಂಡಿನೋವು ಎಂದು ಬರ್ನಡೆಟ್‌ಗೆ ಫೋನಿನಲ್ಲಿ ತಿಳಿಸಿ, ಹಿತ್ತಲ ಹಾದಿಯಲ್ಲಿ ದೋನ್ಯಾ ಮನೆಗೆ ಹೋದೆ. ಅವರು ಕೇಳದೆಯೇ ಕಾಫಿ ಕೊಟ್ಟರು. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ಅಲ್ಲಿಂದ ಕಾಲುವೆಯ ಏರಿ ಉದ್ದಕ್ಕೂ ಕಾಣುತ್ತದೆ. ಅವರ ಕೋಳಿಗೂಡು ಪಕ್ಕದಲ್ಲೇ ಇತ್ತು. ಹಳೆಯ ಹಲಗೆಯದು, ನೋಡಲು ಏನೂ ಚೆಂದವಿಲ್ಲ. ಆದರೆ ಸುತ್ತ ಸಣ್ಣ ಕಣ್ಣಿನ ಜಾಲರಿ, ಅದೂ ನೆಲದೊಳಕ್ಕೆ ಒಂದು ಮೊಳ ಹೂತದ್ದು. ಬಾಗಿಲಿಗೆ ಎರಡು ಚಿಲಕ. ಒಳಗೆ ಕೋಳಿಗಳು ಗೊಣಗುತ್ತಿದ್ದವು.

"ಬೈತಿವೆ" ಎಂದರು ದೋನ್ಯಾ. "ದಿನಾ ಬೈತವೆ. ಬೈಯಲಿ."

ರಸ್ತೆಯ ಕಡೆಯಿಂದ ಸೀಟಿ ಕೇಳಿಸಿತು, ಹಿಂದೆಯೇ ಡೋಲು. ಕಾಟನ್‌ವುಡ್ ಮರದ ಬುಡದಲ್ಲಿ ನಾನು ಕಲ್ಲೆಂದುಕೊಂಡಿದ್ದು ಎದ್ದು ಕೂತಿತು. ಹೆಣ್ಣು ಕಯೋಟಿ. ಮೊಲೆ ಜೋತಿದ್ದವು, ಎಲ್ಲೋ ಮರಿಗಳಿದ್ದಿರಬೇಕು. ಅದು ಮನೆಗಳ ಕಡೆ ನೋಡಲೇ ಇಲ್ಲ. ಕಿವಿ ಮಾತ್ರ ಸದ್ದಿನ ಜೊತೆ ತಿರುಗುತ್ತಿತ್ತು. ಡೋಲಿನ ಸದ್ದು ಸೇತುವೆಯ ಕಡೆ ಸಾಗಿ ತೆಳುವಾದಾಗ ಒಮ್ಮೆ ಮೈ ಕೊಡವಿಕೊಂಡು, ಅಂಗಡಿಗೆ ಹೊರಟವರ ಹಾಗೆ ಇಳಿದು ಬಂತು. ಪ್ರಿಚೆಟ್ ಅವರ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟಿತು.

ಪ್ರಿಚೆಟ್ ಅವರ ಹಿತ್ತಲಲ್ಲಿ ಮಿಲ್ಡ್ರೆಡ್ ಎಂಬ ಬಿಳಿ ಹೇಂಟೆ ಮಣ್ಣು ಕೆರೆಯುತ್ತಿತ್ತು. ಅವರ ಅಂಗೈಯಿಂದಲೇ ಕಾಳು ತಿನ್ನುತ್ತಿದ್ದದ್ದು ಅದೊಂದೇ. ನಾನು ಎದ್ದು ನಿಂತೆ. ಬಾಯಿ ತೆರೆದೆ. ಕೂಗಿದ್ದರೆ ಕಯೋಟಿ ಓಡುತ್ತಿತ್ತು, ಅನುಮಾನವಿಲ್ಲ. ಆದರೆ ಗಸ್ತಿನವರಿಗೂ ಕೇಳಿಸುತ್ತಿತ್ತು, ನನ್ನ ದನಿ ಎಲ್ಲರಿಗೂ ಗೊತ್ತು. ಬಾಯಿ ಮುಚ್ಚಿಕೊಂಡೆ. ಕಯೋಟಿ ಮಿಲ್ಡ್ರೆಡ್‌ಳನ್ನು ಕಚ್ಚಿಕೊಂಡು ಏರಿ ಹತ್ತಿ, ನೀರಿನಂಚಿನಲ್ಲಿ ಅವಸರವಿಲ್ಲದೆ ಹೋಯಿತು.

"ಯಾಕೆ ಕೂಗಲಿಲ್ಲ?" ಎಂದು ದೋನ್ಯಾ ಕೇಳಿದರು.

"ಮಂಡಿನೋವು ಅಂತ ಹೇಳಿ ಬಂದಿದೀನಿ."

"ಕೂಗೋಕೆ ಮಂಡಿ ಬೇಕಾ?"

ಅವರು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು.

ಆ ಸಂಜೆ ಸಮಿತಿಗೆ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ. ನಮ್ಮ ಬಚ್ಚಲಿನ ಕಿಟಕಿಯಿಂದ ನೋಡಿದೆನೆಂದೆ. ಸದ್ದು ದೂರವಾದ ಮೇಲೆ ಕಯೋಟಿ ಹಿಂದಿನಿಂದ ಬಂತೆಂದೆ.

"ಆಬೆಲ್, ನಿಮ್ಮ ಬಚ್ಚಲ ಕಿಟಕಿ ರಸ್ತೆ ಕಡೆ ಇದೆ" ಎಂದಳು ಬರ್ನಡೆಟ್.

ಪ್ರಿಚೆಟ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಿಲ್ಡ್ರೆಡ್ ಹೋದ ದಿನ ಅದು. ಕಣ್ಣು ಕೆಂಪಾಗಿದ್ದರೂ ಹಲಗೆಯ ಮುಂದೆ ನಿಂತಿದ್ದರು. "ಇದು ಒಳ್ಳೆ ಸುದ್ದಿ" ಎಂದರು. "ನಾವಿರೋ ಕಡೆ ಅದು ಬರ್ತಿಲ್ಲ. ಅಂದ್ರೆ ದಾರಿ ಸರಿ ಇದೆ. ಈಗ ಹಿಂದಕ್ಕೂ ಒಂದು ತಂಡ ಬೇಕು."

ಕಾಲುವೆಯ ಏರಿಯ ಮೇಲೆ ನಡೆಯುವ ತಂಡಕ್ಕೆ ಯಾರು ಬರುತ್ತೀರೆಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಏರಿಯ ಮೇಲೆ ಮುಳ್ಳು, ಕೆಸರು. ಅಲ್ಲದೆ ಮುಂದಿನ ವಾರ ಪತ್ರಿಕೆಯವರು ಮತ್ತೆ ಬರುವವರಿದ್ದರು, ಅವರು ರಸ್ತೆಗೆ ಬರುತ್ತಾರೆಯೇ ಹೊರತು ಹಿತ್ತಲಿಗಲ್ಲ. ತುತ್ತೂರಿಯವರಿಬ್ಬರು ತಾವು ಮೆರವಣಿಗೆಗೆ ಸೇರಿದವರು, ಕಾವಲಿಗಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಕೊನೆಗೆ ಬರ್ನಡೆಟ್ ಪುಸ್ತಕ ನೋಡಿ, "ಆಬೆಲ್‌ಗೆ ಮಂಡಿನೋವು ಅಲ್ವಾ, ಮೆರವಣಿಗೇಲಿ ನಡೆಯೋಕಾಗಲ್ಲ. ಹಿತ್ತಲಲ್ಲಿ ನಿಂತ್ಕೊಳ್ಳಲಿ" ಎಂದಳು. ಚಪ್ಪಾಳೆ ತಟ್ಟಿ ನನ್ನನ್ನು ಹಿಂಬದಿ ತಂಡವೆಂದು ನೇಮಿಸಿದರು.

ಮರುದಿನ ನನ್ನ ಹಿತ್ತಲಲ್ಲಿ ಅಲ್ಯೂಮಿನಿಯಂ ಪಾತ್ರೆ ಹಿಡಿದು ನಿಂತೆ. ಕಯೋಟಿ ಬಂತು. ಬಡಿದೆ. ಅದು ನಾಲ್ಕು ಮನೆಯಾಚೆ ಹೋಗಿ ಕೂತಿತು. ಅಲ್ಲಿಗೆ ಓಡಿ ಬಡಿದೆ. ಅದು ನನ್ನ ಹಿತ್ತಲಿಗೆ ವಾಪಸ್ ಬಂತು. ಹೀಗೆ ಎರಡು ಸಲ ಆದ ಮೇಲೆ ಒಂಬತ್ತು ಹಿತ್ತಲಿಗೆ ಒಬ್ಬ ಮನುಷ್ಯ ಸಾಲುವುದಿಲ್ಲವೆಂದು ನನಗೂ ಅದಕ್ಕೂ ಖಚಿತವಾಯಿತು. ಅದು ಏರಿಯ ಮೇಲೆ ಕೂತು ನನ್ನನ್ನೇ ನೋಡತೊಡಗಿತು. ನಾನು ನಮ್ಮ ನಾಲ್ಕು ಕೋಳಿಗಳನ್ನು ಹಿಡಿದು ಗೂಡಿಗೆ ಹಾಕಿ ಚಿಲಕ ಜಡಿದು, ಒಳಗೆ ಹೋಗಿ ತಿಂಡಿ ತಿಂದೆ. ಎಂಟು ಗಂಟೆಗೆ ಹೊರಗೆ ಬಂದು ಬಿಟ್ಟೆ, ಕುರ್ಚಿ ಹಾಕಿ ಅಲ್ಲೇ ಕೂತೆ. ಆಮೇಲೆ ನಮ್ಮ ಮನೆಯ ಒಂದು ಕೋಳಿಯೂ ಹೋಗಲಿಲ್ಲ.

ಕೊರೀನಾ ಇದನ್ನು ಪಕ್ಕದ ಮನೆಯವಳಿಗೆ ಹೇಳಿದಳು. ಅವಳಿಗೂ ಮಂಡಿನೋವು ಬಂತು. ಅವಳಿಂದ ಅದರಾಚೆ ಮನೆಗೆ ಹೋಯಿತು. ಮೇ ತಿಂಗಳ ಮಧ್ಯಕ್ಕೆ ತುತ್ತೂರಿಯವರಿಬ್ಬರಿಗೂ ಬಂತು. ಪ್ರತಿಯೊಬ್ಬರೂ ಬೆಳಿಗ್ಗೆ ಐದೂಮುಕ್ಕಾಲಿಗೆ ಬರ್ನಡೆಟ್‌ಗೆ ಫೋನ್ ಮಾಡುತ್ತಿದ್ದರು, ಅವಳು ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದಳು. ಒಂದು ದಿನ ಅವಳೂ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಅದನ್ನೇ ಬರೆದು ಮನೆಯಲ್ಲೇ ಉಳಿದಳು. ಮಂಡಿ ಚೆನ್ನಾಗಿದ್ದು ನಡೆಯುತ್ತಿದ್ದವರು ಪ್ರಿಚೆಟ್ ಒಬ್ಬರೇ, ಗಸ್ತಿನಲ್ಲಿ ನಮ್ಮೆಲ್ಲರಿಗಿಂತ ಹಿರಿಯರು.

ಒಂದು ಮಧ್ಯಾಹ್ನ ಅವರು ಪ್ರತಿ ಮನೆಗೂ ಬಂದರು. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಅದರ ತುಂಬ ನೋವಿನ ಮುಲಾಮು.

"ಈ ಬೀದೀಲಿ ಏನೋ ತೊಂದರೆ ಇದೆ ಆಬೆಲ್" ಎಂದರು. "ರಸ್ತೆ ಗಟ್ಟಿ ಇದೆಯಲ್ಲ, ಅದಕ್ಕೇ ಇರಬೇಕು. ತಪ್ಪು ನಂದೇ, ಇಷ್ಟು ನಡೆಸಬಾರದಿತ್ತು. ರಾತ್ರಿ ಹಚ್ಕೊಂಡು ಬಟ್ಟೆ ಸುತ್ತಿ."

"ಮುಲಾಮಿನ ಟ್ಯೂಬು ಬಿಸಿನೀರಲ್ಲಿಡಬೇಕಾ?" ಎಂದು ಕೇಳಿದೆ. ಬೇರೇನು ಹೇಳಬೇಕೋ ತೋಚಲಿಲ್ಲ.

"ಬೇಡ, ಹಾಗೇ ಹಚ್ಚಿ."

ಅಷ್ಟು ಹೊತ್ತಿಗೆ ಅವರ ಕೋಳಿ ಮೂರು ಉಳಿದಿದ್ದವು. ಆ ದಿನ ನಾನು ಹೇಳಬಹುದಿತ್ತು. ಹೇಳಿದರೆ, ಯಾವಾಗಿನಿಂದ ಗೊತ್ತು ಎಂದು ಕೇಳುತ್ತಾರೆ. ಮಿಲ್ಡ್ರೆಡ್ ಮಾತು ಬರುತ್ತದೆ. ಬೇರೆಯವರು ಹೇಳಲಿ ಎಂದುಕೊಂಡೆ. ಬೇರೆಯವರೂ ಹಾಗೇ ಅಂದುಕೊಂಡರಂತೆ. ಬೆಳಿಗ್ಗೆ ಆರಕ್ಕೆ ಡೋಲಿನ ಸದ್ದು ನಮ್ಮ ಮನೆ ಮುಂದೆ ಹಾದುಹೋಗುವಾಗ ನಾನೂ ಕೊರೀನಾಳೂ ಮಾತು ನಿಲ್ಲಿಸಿ ತಟ್ಟೆ ನೋಡುತ್ತಿದ್ದೆವು. ಸದ್ದು ದೂರವಾಗುತ್ತಿತ್ತು. ಬೀದಿಯಲ್ಲಿ ಚಿಲಕವಿಲ್ಲದೆ ಉಳಿದ ಒಂದೇ ಗೂಡು ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಜೂನ್ ತಿಂಗಳಲ್ಲಿ ಇಡೀ ಬೀದಿಯಿಂದ ಒಂದು ಕೋಳಿಯೂ ಹೋಗಲಿಲ್ಲ. ಪ್ರಿಚೆಟ್ ಅವರದು ಹೋಗಲು ಉಳಿದಿರಲಿಲ್ಲ. ಉಳಿದವರ ಗೂಡುಗಳಿಗೆ ಚಿಲಕ ಬಿದ್ದಿತ್ತು. ಪಟ್ಟಣ ಮಂಡಳಿಯವರು ಲೆಕ್ಕ ನೋಡಿ ಮೆಚ್ಚಿ, ನಮ್ಮ ಸಮಿತಿಗೆ ಮರದ ಚೌಕಟ್ಟಿನ ಪ್ರಶಸ್ತಿಪತ್ರ ಕೊಟ್ಟರು. ಒಗ್ಗಟ್ಟಿನಿಂದ ವನ್ಯಮೃಗದ ಹಾವಳಿಯನ್ನು ಹಿಮ್ಮೆಟ್ಟಿಸಿದ್ದಕ್ಕಾಗಿ ಎಂದು ಅದರಲ್ಲಿತ್ತು. ಮಂಡಳಿಯ ಸಭಾಂಗಣದಲ್ಲಿ ಎಲ್ಲರೂ ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತೆವು. ಒಂದು ತಿಂಗಳಿಂದ ನಡೆಯಲಾಗದಿದ್ದವರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ವೇದಿಕೆಗೆ ಬಂದರು.

ಪ್ರಿಚೆಟ್ ಮಾತನಾಡಿದರು. "ಇದು ಒಬ್ಬನ ಕೆಲಸ ಅಲ್ಲ" ಎಂದರು. ಪ್ರತಿಯೊಬ್ಬರ ಹೆಸರು ಹೇಳಿ ವಂದಿಸಿದರು. ನನ್ನ ಹೆಸರು ಬಂದಾಗ, ನೋವಿದ್ದರೂ ಹಿಂಬದಿಯನ್ನು ಒಬ್ಬನೇ ಕಾಯ್ದವನು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿದೆ.

ದೋನ್ಯಾ ಯುಫೇಮಿಯಾ ಹಿಂದಿನ ಸಾಲಿನಲ್ಲಿದ್ದರು. ಹೊರಗೆ ಬಂದಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅವನ ಕೋಳಿ ಎಷ್ಟು ಉಳಿದಿವೆ?"

"ಒಂದೂ ಇಲ್ಲ ದೋನ್ಯಾ."

"ನಿಂದು?"

"ನಾಲ್ಕು."

"ಅವನಿಗೆ ಯಾರೂ ಹೇಳಲಿಲ್ವಾ?"

"ಮೊದಲನೇ ಸಭೇಲೇ ನೀವು ಹೇಳಿದ್ರಲ್ಲ."

"ಅದು ಸಭೆಗೆ ಹೇಳಿದ್ದು" ಎಂದರು. "ಮನುಷ್ಯನಿಗೆ ಯಾರು ಹೇಳಿದ್ರು?"

ನನ್ನ ತೋಳು ಬಿಡುತ್ತಾ, ನಾಳೆ ಹತ್ತು ಗಂಟೆಗೆ ಬಾ, ಹೊರೋದಿದೆ ಎಂದರು.

ಮರುದಿನ ಹೋದೆ. ಸೇಬಿನ ಪೆಟ್ಟಿಗೆಯೊಳಗೆ ಎರಡು ಎಳೆ ಹೇಂಟೆ, ಒಂದು ಕಪ್ಪು, ಒಂದು ಚುಕ್ಕೆಯದು. ಪೆಟ್ಟಿಗೆಯ ಮೇಲೆ ಎರಡು ಹೊಸ ಚಿಲಕ, ಸುತ್ತಿಟ್ಟ ಜಾಲರಿ. ನಾನು ಹೊತ್ತೆ, ಅವರು ಕೋಲೂರಿಕೊಂಡು ಮುಂದೆ ನಡೆದರು. ಪ್ರಿಚೆಟ್ ಹಿತ್ತಲಲ್ಲಿ ಖಾಲಿ ಗೂಡಿನ ಮುಂದೆ ಕೂತಿದ್ದರು. ಪ್ರಶಸ್ತಿಪತ್ರವನ್ನು ಹೊರಗೆ ತಂದು ಗೋಡೆಗೆ ಒರಗಿಸಿಟ್ಟಿದ್ದರು, ಎಲ್ಲಿ ನೇತು ಹಾಕುವುದೆಂದು ಗೊತ್ತಾಗಿರಲಿಲ್ಲವಂತೆ.

"ಇವು ನಿನಗೆ" ಎಂದರು ದೋನ್ಯಾ.

ಪ್ರಿಚೆಟ್ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಮುಟ್ಟಲಿಲ್ಲ. "ಬೇಡ ದೋನ್ಯಾ. ನನ್ನ ಹತ್ರ ಉಳಿಯಲ್ಲ. ಎಲ್ಲರದೂ ಉಳಿದಿವೆ, ನಂದು ಮಾತ್ರ ಹೋದವು. ನನ್ನ ಸಾಕಾಣಿಕೇಲೇ ಏನೋ ತಪ್ಪಿದೆ."

ದೋನ್ಯಾ ನನ್ನ ಕಡೆ ನೋಡಿದರು. ಕೋಲಿನಿಂದ ನೆಲಕ್ಕೆ ಒಮ್ಮೆ ತಟ್ಟಿದರು.

ಆಗ ಹೇಳಿದೆ. ಮೆಟ್ಟಿಲ ಮೇಲೆ ಕೂತಿದ್ದು, ಡೋಲು ದೂರವಾಗುವವರೆಗೆ ಕಯೋಟಿ ಕಾದದ್ದು, ಮಿಲ್ಡ್ರೆಡ್‌ಳನ್ನು ಒಯ್ಯುವಾಗ ನಾನು ಬಾಯಿ ಮುಚ್ಚಿಕೊಂಡದ್ದು, ಆಮೇಲೆ ಚಿಲಕ ಹಾಕಿದ್ದು, ಬೀದಿಯವರೆಲ್ಲ ಹಾಕಿದ್ದು. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ಚಿಕ್ಕ ಸಂಗತಿಯೆಂದು ಎರಡು ತಿಂಗಳೂ ಅನ್ನಿಸಿರಲಿಲ್ಲ.

ಪ್ರಿಚೆಟ್ ಹೊಸ ಚಿಲಕವೊಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಮುಲಾಮು ಹಚ್ಕೊಂಡ್ರಾ?" ಎಂದು ಕೇಳಿದರು.

"ಇಲ್ಲ."

"ವಾಪಸ್ ಕೊಡಿ. ನನಗೆ ಈಗ ನಿಜವಾಗ್ಲೂ ನೋಯ್ತಿದೆ."

ದೋನ್ಯಾ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಕಡಿಮೆ. ಪ್ರಿಚೆಟ್ ನಗಲಿಲ್ಲ, ಆದರೆ ಮುಖ ಸ್ವಲ್ಪ ಸಡಿಲವಾಯಿತು. ನಾನು ಸನಿಕೆ ತಂದು ಗೂಡಿನ ಸುತ್ತ ಅಗೆಯತೊಡಗಿದೆ. ಅವರು ಜಾಲರಿ ಬಿಚ್ಚಿ ಹಿಡಿದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಜಾಲರಿಯ ತುದಿ ಎಲ್ಲಿಗೆ ಬರಬೇಕೆಂಬುದನ್ನೂ ದೋನ್ಯಾರನ್ನೇ ಕೇಳುತ್ತಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ನಾಲ್ಕೂ ಬದಿ ಮುಗಿಯಿತು. ಬಾಗಿಲಿಗೆ ಚಿಲಕ ಹೊಡೆದ ಮೇಲೆ ಪ್ರಿಚೆಟ್ ಅದನ್ನು ನಾಲ್ಕು ಸಲ ತೆಗೆದು ಹಾಕಿ ನೋಡಿದರು.

"ಬೆಳಿಗ್ಗೆ ನಡೆಯೋದು ಅಭ್ಯಾಸ ಆಗಿಬಿಟ್ಟಿದೆ" ಎಂದರು ದೋನ್ಯಾ ಕಡೆ ತಿರುಗಿ. "ಬಿಡಬೇಕಾ?"

"ಯಾಕೆ ಬಿಡ್ತೀಯ, ಹೋಗಿ ಬಾ. ಬಂದ ಮೇಲೆ ಬಾಗಿಲು ತೆಗಿ. ಡೋಲು ಮಾತ್ರ ಶಾಲೆಗೆ ಕೊಡು."

ಪೆಟ್ಟಿಗೆ ಓರೆ ಮಾಡಿದಾಗ ಚುಕ್ಕೆಯದು ಮೊದಲು ಹೊರಗೆ ಬಂತು. ಕಪ್ಪು ಕೋಳಿ ಒಳಗೇ ಕೂತಿತು. ಪ್ರಿಚೆಟ್ ಮೊಣಕಾಲೂರಿ ಅಂಗೈಯಲ್ಲಿ ನಾಲ್ಕು ಕಾಳು ಜೋಳ ಹಿಡಿದರು. ಎರಡೂ ಹತ್ತಿರ ಬರಲಿಲ್ಲ.

"ಮೊಟ್ಟೆ ಇಡ್ತಾವಾ?"

"ಇನ್ನೂ ಎಳೇವು. ಆಗಸ್ಟ್‌ವರೆಗೆ ಕಾಯಬೇಕು."

"ಅಲ್ಲೀವರೆಗೆ ಏನು ಮಾಡ್ಲಿ?"

"ಬಿಸಿಲು ಏರಿದೆ" ಎಂದರು ದೋನ್ಯಾ. "ನೀರು ಇಡು."

ಪ್ರಿಚೆಟ್ ಕಾಳನ್ನು ನೆಲಕ್ಕೆ ಹಾಕಿ, ಬಟ್ಟಲು ಹುಡುಕಲು ಒಳಗೆ ಹೋದರು.